ಕಲ್ಲಿಗೆ ನೀರು ಕುಡಿಸದ ಕೈ

“ಅಕ್ಕನ ಕೈಲಿ ಬೀಗದಕೈ, ತಮ್ಮನ ಕೈಲಿ ಕರಣೆ. ಕಳ್ಳತನಕ್ಕೆ ಇನ್ನೇನು ಬೇಕು? ನಾಲ್ಕನೇ ಕ್ಲಾಸು ದಾಟದವನನ್ನ ಮ್ಯೂಸಿಯಂ ಒಳಗೆ ಬಿಟ್ಟಿದ್ದೇ ನನ್ನ ತಪ್ಪು.”

ಮ್ಯೂಸಿಯಂ ನಿರ್ದೇಶಕ ಹೇಳಿದ್ದು ಗೋಡೆ ರಿಪೇರಿ ಮಾಡುತ್ತಿದ್ದ ಗಾರೆಯವನಿಗೆ. ಕೇಳಿಸಿಕೊಂಡದ್ದು ಟಿಕೆಟ್ ಹಿಡಿದು ಸಾಲಿನಲ್ಲಿ ನಿಂತ ಮೂವತ್ತು ಜನ. ಇಬ್ಬರು ನಕ್ಕರು ಕೂಡ.

 ಗಾರೆಯವನ ಕಣ್ಣು ಖಾಲಿ ಗಾಜಿನ ಪೆಟ್ಟಿಗೆಯ ಮೇಲಿತ್ತು. ಬೆಳಿಗ್ಗೆ ಧೂಳು ಒರೆಸಲು ಬಂದ ಅಕ್ಕನೇ ಅದನ್ನು ಮೊದಲು ನೋಡಿದ್ದು. ಬೀಗ ಒಡೆದಿರಲಿಲ್ಲ. ಸೀಸೆ ಇರಲಿಲ್ಲ.

ಬಾಗಿದ ಮೊಳೆ, ಒಂದು ಹಿಡಿ ಕೂದಲು, ಬಾಯಿಗೆ ಮೇಣ. ಮಾಟ ತಟ್ಟದಿರಲೆಂದು ಮುನ್ನೂರು ವರ್ಷದ ಹಿಂದೆ, ಈಗ ಮ್ಯೂಸಿಯಂ ಆಗಿರುವ ಈ ಮನೆ ಕಟ್ಟುವಾಗಲೇ ಒಲೆಯ ಗೋಡೆಯಲ್ಲಿ ಹುದುಗಿಸಿದ ಸೀಸೆ ಅದು ಎಂದು ನಿರ್ದೇಶಕ ಬರೆದಿದ್ದ. ಹಳೆಯ ನಂಬಿಕೆಗಳ ಈ ಮ್ಯೂಸಿಯಂಗೆ ಜನ ಬರುತ್ತಿದ್ದದ್ದೇ ಅದಕ್ಕಾಗಿ.

ಇನ್‌ಸ್ಪೆಕ್ಟರ್ ಬಂದರು. ನಿದ್ದೆಗೆಟ್ಟ ಕಣ್ಣಿನ, ಕಡಿಮೆ ಮಾತಿನ ಹೆಂಗಸು.

“ಪೆಟ್ಟಿಗೆಗೆ ಬೀಗದಕೈ ಎಷ್ಟು?”

“ಎರಡು,” ಎಂದ ನಿರ್ದೇಶಕ. “ಒಂದು ನಂದು. ಇನ್ನೊಂದು ಕಸ ಗುಡಿಸೋ ಇವಳದ್ದು.”

ಇನ್‌ಸ್ಪೆಕ್ಟರ್ ಅಕ್ಕನತ್ತ ತಿರುಗಿದರು. “ನೀವು ಇಲ್ಲೇ ಕೂತಿರಮ್ಮ. ಎಲ್ಲರ ಹೇಳಿಕೆ ಮುಗಿದ ಮೇಲೆ ಜೀಪು ಹತ್ತಬೇಕಾಗುತ್ತೆ.”

ಅಕ್ಕ ತಮ್ಮನ ತೋಳು ಹಿಡಿದಳು. “ಮೂರೂವರೆಗೆ ಮಕ್ಕಳು ಸ್ಕೂಲಿಂದ ಬರ್ತಾವೆ ಕಣೋ. ಬೀಗ ಹಾಕಿದ ಮನೆ ಮುಂದೆ ಕೂತ್ಕೋತಾವೆ.”

* * *

ಮೊದಲು ಸಿಕ್ಕಿಬಿದ್ದದ್ದು ಶಾಪದ ತಾತ. ಸೀಸೆ ಹೊರತೆಗೆದವರಿಗೆ ಶಾಪ ತಟ್ಟುತ್ತದೆಂದು ಎರಡು ತಿಂಗಳಿಂದ ಗೇಟಿನ ಹೊರಗೆ ರಟ್ಟು ಹಿಡಿದು ನಿಲ್ಲುವ ಮುದುಕ. ರಟ್ಟಿನ ಮೇಲೆ ಒಂದೇ ಸಾಲು: ‘ಸೀಸೆಯನ್ನು ಗೋಡೆಗೆ ಹಿಂತಿರುಗಿಸಿ.’ ಪೇದೆ ಅವನನ್ನು ಒಳಗೆ ಕರೆತಂದ.

“ಗೋಡೆಗಿಡಿ ಅಂತ ಗಂಟಲು ಹರ್ಕೊಂಡೋನು ಕದ್ದು ಜೇಬಲ್ಲಿ ಇಟ್ಕೋತೀನೇನಮ್ಮ? ಅದರ ಹತ್ರ ಹೋಗೋಕೇ ನಂಗೆ ಕಾಲು ನಡುಗುತ್ತೆ.”

“ಇವರನ್ನ ಇವತ್ತಿನವರೆಗೂ ನಾನು ಒಳಗೇ ಬಿಟ್ಟಿಲ್ಲ ಮೇಡಂ,” ಎಂದ ಕಾವಲುಗಾರ. “ಹೊರಗೆ ಹೋಗೋ ಚೀಲ ಒಂದೂ ಬಿಡದೆ ನೋಡ್ತೀನಿ. ಸಾಹೇಬ್ರದ್ದೂ ಸೇರಿ.”

ಗಾರೆಯವನು ತಲೆಯೆತ್ತಿದ. ಹಾಗಾದರೆ ಸೀಸೆ ಮನೆ ಬಿಟ್ಟು ಹೋಗಿಲ್ಲ.

ಅವನು ಸಾಮಾನಿಟ್ಟ ಮೂಲೆಗೆ ಹೋದ. ಕರಣೆಗೆ ಗಾರೆ ಅಂಟಿ ಒಣಗಿತ್ತು. ಅವನು ಉಂಡ ಕೈ ತೊಳೆಯದೆ ಮಲಗಿಯಾನು, ಕರಣೆ ತೊಳೆಯದೆ ಮನೆಗೆ ಹೋಗುವವನಲ್ಲ.

“ಮೇಡಂ, ಹತ್ತು ನಿಮಿಷ ಕೊಡಿ. ಗೋಡೆ ಮುಟ್ಟಿ ನೋಡ್ಬೇಕು.”

ಅಂಗೈ ಅಲ್ಲ, ಕೈಯ ಹಿಂಬದಿಯನ್ನು ಗೋಡೆಗೆ ಒತ್ತುತ್ತ ನಡೆದ. ಪಡಸಾಲೆ. ಒಲೆಕೋಣೆ. ಮೆಟ್ಟಿಲ ಬುಡ. ಹಿಂಬಾಗಿಲ ಪಕ್ಕ ಮೊಣಕಾಲೆತ್ತರದಲ್ಲಿ ನಿಂತ. ಅಲ್ಲಿ ಗೋಡೆ ತಣ್ಣಗಿತ್ತು. ಹಸಿ ಗಾರೆ.

ಉಳಿ ಹಾಕಿ ಮೀಟಿದ. ಕಲ್ಲು ಬಂತು. ಹಿಂದೆ ಸೀಸೆ.

“ನೋಡಿದ್ರಾ?” ಎಂದ ನಿರ್ದೇಶಕ. “ಬಚ್ಚಿಟ್ಟವನಿಗಲ್ಲದೆ ಇನ್ಯಾರಿಗೆ ಗೊತ್ತಾಗುತ್ತೆ?”

ಸಾಲಿನಲ್ಲಿ ಗುಸುಗುಸು ಎದ್ದಿತು. ಅಕ್ಕ ಕಣ್ಣು ಮುಚ್ಚಿಕೊಂಡಳು.

* * *

“ಈ ಬಿರುಕು ನೋಡಿ ಮೇಡಂ,” ಎಂದ ಗಾರೆಯವನು. “ಗಾರೆ ಹಾಕೋ ಮೊದಲು ಕಲ್ಲಿಗೆ ನೀರು ಕುಡಿಸ್ಬೇಕು. ಇಲ್ಲಾಂದ್ರೆ ಒಣಕಲ್ಲು ಗಾರೆಯ ನೀರನ್ನೇ ಹೀರಿಬಿಡುತ್ತೆ. ಬಲೆ ಥರ ಬಿರುಕು ಬರುತ್ತೆ. ಕೆಲಸಕ್ಕೆ ಸೇರಿದ ಮೊದಲನೇ ದಿನ ಕಲಿಸೋ ಪಾಠ ಇದು. ನಾನು ಹಾಕಿದ್ದಲ್ಲ.”

“ಬೇಕಂತಲೇ ಹಾಗೆ ಮಾಡಿರ್ತಾನೆ,” ಎಂದ ನಿರ್ದೇಶಕ.

“ಹಂಗಾದ್ರೆ ಒಲೆ ಹತ್ರ ಬನ್ನಿ.”

ಸೀಸೆ ಸಿಕ್ಕಿತೆನ್ನಲಾದ ಗೂಡಿಗೆ ಅವನು ಟಾರ್ಚು ಹಿಡಿದ. ಅಂಚಿನ ಗಾರೆಯಲ್ಲಿ ಅದೇ ಬಲೆ, ಅದೇ ಬಿರುಕು. ಒಂದು ಚೂರು ಕಿತ್ತ. ಅದರಡಿಯ ಕಲ್ಲು ಕಪ್ಪಗಿತ್ತು.

“ಮಸಿಯ ಮೇಲೆ ಗಾರೆ ಕೂತಿದೆ. ಮನೆ ಕಟ್ಟುವಾಗಲೇ ಸೀಸೆ ಇಟ್ಟಿದ್ರೆ, ಇನ್ನೂ ಹಚ್ಚದ ಒಲೆಗೆ ಮಸಿ ಎಲ್ಲಿಂದ ಬಂತು? ಇದು ಒಲೆ ಆರಿದ ಮೇಲೆ ಬಳಿದದ್ದು. ಎರಡೂ ಕಡೆ ಒಂದೇ ಕೈ.”

ಇನ್‌ಸ್ಪೆಕ್ಟರ್ ತಿರುಗಿದರು. “ಸೀಸೆ ಸಿಕ್ಕಾಗ ಜೊತೇಲಿ ಯಾರಿದ್ರು ಸಾರ್?”

“ನಾನೊಬ್ಬನೇ.”

“ನಾಡಿದ್ದು ಅದರ ವಯಸ್ಸು ನೋಡೋಕೆ ಲ್ಯಾಬಿನವರು ಬರ್ತಾರೆ,” ಎಂದಳು ಅಕ್ಕ ಮೆಲ್ಲಗೆ. “ಕುರ್ಚಿ ಒರೆಸಿಡು ಅಂದಿದ್ರು.”

“ಹಿಂಬಾಗಿಲ ಕಲ್ಲು ಸಡಿಲ ಇದೆ ಅಂತ ಹೋದ ವಾರ ಹೇಳಿದೆ,” ಎಂದ ತಮ್ಮ. “ಹೇಳಿದ್ದು ಇವರೊಬ್ಬರಿಗೇ. ಹಾಗೇ ಬಿಡು ಅಂದ್ರು.”

“ಬಲಗೈ ಜೇಬಿಂದ ತೆಗೀರಿ ಸಾರ್,” ಎಂದರು ಇನ್‌ಸ್ಪೆಕ್ಟರ್.

ನಿರ್ದೇಶಕ ತೆಗೆಯಲಿಲ್ಲ. ಪೇದೆ ತೆಗೆಸಿದ. ಬೆರಳ ತುದಿಗಳು ಕೆಂಪಗೆ ಸುಲಿದಿದ್ದವು. ಉಗುರಿನೊಳಗೆ ಬಿಳಿ. ಹಸಿ ಸುಣ್ಣ ಬರಿಗೈಯನ್ನು ಸುಮ್ಮನೆ ಬಿಡುವುದಿಲ್ಲ.

“ಮ್ಯೂಸಿಯಂ ಮುಚ್ಚೋರಿದ್ರು,” ಎಂದ ಅವನು, ಯಾರನ್ನೂ ನೋಡದೆ. “ಜನ ಬರ್ಲಿ ಅಂತ ಸೀಸೆ ಇಟ್ಟೆ. ಪರೀಕ್ಷೆ ಆಗಿದ್ರೆ ಬಯಲಾಗ್ತಿತ್ತು.”

* * *

ಕಲ್ಲನ್ನು ಮತ್ತೆ ಕೂರಿಸಲು ಗಾರೆಯವನು ಹಿಂಬಾಗಿಲಿಗೆ ಹೋದ. ಟಾರ್ಚು ಹಾಕಿ ಬಗ್ಗಿದವನು ಬಗ್ಗಿಯೇ ಉಳಿದ.

ಸೀಸೆಯಿದ್ದ ಜಾಗದ ಹಿಂದೆ ಗೂಡು ಇನ್ನೂ ಆಳಕ್ಕೆ ಹೋಗಿತ್ತು. ಅದರಲ್ಲಿ ಒಂದು ಬೂಟು. ಅಂಗೈಯಷ್ಟೇ ಉದ್ದ. ಚರ್ಮ ಮರದಂತೆ ಬಿಗಿದಿತ್ತು. ಹೆಬ್ಬೆರಳ ಕಡೆ ಸವೆದು ತೂತಾಗಿತ್ತು. ನಡೆದಾಡಿದ ಮಗುವಿನದು.

ಆ ಕಲ್ಲು ಯಾಕೆ ಸಡಿಲವಿತ್ತೆಂದು ಈಗ ತಿಳಿಯಿತು. ಯಾರೋ ಒಮ್ಮೆ ಅದನ್ನು ಕಿತ್ತು ಮತ್ತೆ ಇಟ್ಟಿದ್ದರು.

“ಕೆಟ್ಟದ್ದು ಮಗೂನ ಹುಡುಕ್ಕೊಂಡು ಬರುತ್ತೆ,” ಎಂದ ಶಾಪದ ತಾತ. ಪಿಸುಮಾತು. “ಬೂಟು ನೋಡಿ ಮಗೂನೇ ಅಂದ್ಕೊಂಡು ಒಳಗೆ ಹೊಕ್ಕುತ್ತೆ. ಅಲ್ಲೇ ಸಿಕ್ಕಿಬೀಳುತ್ತೆ. ಅಂತ ನಂಬ್ತಿದ್ರು.”

ಗಾರೆಯವನು ಗೂಡಿನ ಹಳೆಯ ಸುಣ್ಣವನ್ನು ನೋಡುತ್ತಿದ್ದ. ನಾಲ್ಕು ಬೆರಳ ಗೆರೆಗಳು. ಸಣ್ಣ ಬೆರಳು. ಒತ್ತಿ ಒತ್ತಿ ಮತ್ತೆ ಮತ್ತೆ ಸವರಿದ ಗುರುತು.

“ಕರಣೆ ಇಲ್ಲ,” ಎಂದ. “ಬರಿಗೈ. ಸುಣ್ಣ ಸುಡುತ್ತೆ ಅಂತ ನಮ್ಮ ಕಸುಬಿನವರಿಗೆ ಗೊತ್ತು. ಇದು ಗಾರೆಯವನ ಕೈಯಲ್ಲ. ಸುಟ್ಟರೂ ನಿಲ್ಲಿಸಿಲ್ಲ ನೋಡಿ. ಇದು ತಾಯಿ ಕೈ.”

ಸಾಲಿನ ಜನ ಹತ್ತಿರ ಬಂದರು. ಫೋಟೋಗೆಂದು ಫೋನು ಎತ್ತಿದವನು ಇಳಿಸಿದ. ಇನ್‌ಸ್ಪೆಕ್ಟರ್ ಟೋಪಿ ತೆಗೆದು ಕಂಕುಳಲ್ಲಿಟ್ಟರು. ಅಕ್ಕ ಮಂಡಿಯೂರಿ ಕೂತಳು. ಮುಟ್ಟಲಿಲ್ಲ.

“ಮಗು ಬದುಕ್ತೋ ಇಲ್ವೋ,” ಎಂದಳು.

ಯಾವ ಪುಸ್ತಕದಲ್ಲಿ ಬರೆದಿರುತ್ತದೆ ಅದು?

ಪೇದೆಯ ಹಿಡಿತದಲ್ಲೇ ನಿರ್ದೇಶಕ ಹತ್ತಿರ ಸರಿದ. ಕಣ್ಣು ಹೊಳೆಯುತ್ತಿತ್ತು.

“ತಮ್ಮಾ, ಇದನ್ನ ಇಬ್ಬರೂ ಸೇರಿ ಹುಡುಕಿದ್ವಿ ಅಂತ ಒಂದು ಮಾತು ಹೇಳಪ್ಪ. ಬರೆಯೋದೆಲ್ಲ ನಾನು ಬರೀತೀನಿ. ನಿನ್ನ ಹೆಸರೂ ಹಾಕ್ತೀನಿ. ಏನಂತೀಯ?”

“ಮಕ್ಕಳು ಬರೋ ಹೊತ್ತಾಯ್ತು, ನಡಿ,” ಎಂದು ಗಾರೆಯವನು ಅಕ್ಕನನ್ನು ಎಬ್ಬಿಸಿದ. ಅವಳ ಚೀಲ ಹೆಗಲಿಗೆ ಹಾಕಿಕೊಂಡ. ಸಾಲಿನ ಜನ ಸರಿದು ದಾರಿ ಬಿಟ್ಟರು. ಅವನು ಗೇಟಿನತ್ತ ನಡೆದುಬಿಟ್ಟ.