ಹೊರಗಿನಿಂದ ತೆರೆಯುವ ಬಾಗಿಲು

"ರೀ! ನೋಡ್ತಾ ನಿಂತಿದ್ದೀರಲ್ಲ, ಸ್ವಲ್ಪ ಬಾಗಿಲು ತೆಗೀರಿ!"

ಶಾಲೆಯ ಎದುರು, ತನ್ನ ಪುಟ್ಟ ಹಳೇ ಕಾರಿನೊಳಗೆ ಸಿಕ್ಕಿಕೊಂಡು ಟೀಚರ್ ಅವನಿಗೆ ಆಡಿದ ಮೊದಲ ಮಾತು ಅದು. ಬಾಗಿಲು ಒಳಗಿನಿಂದ ತೆರೆಯದು, ಗಾಜು ಎರಡು ಬೆರಳಿಗಿಂತ ಹೆಚ್ಚು ಇಳಿಯದು, ಆಚೆ ಬದಿಯ ಬಾಗಿಲಂತೂ ಜಪ್ಪಯ್ಯ ಅಂದರೂ ಅಲ್ಲಾಡದು! ಎದುರಿನ ಬೀಗ ರಿಪೇರಿ ಅಂಗಡಿಯವನು ಬಂದು ತೆಗೆದ. ನಕ್ಕ ಬೇರೆ!

ಆಮೇಲೆ ಆರು ತಿಂಗಳು ಅದೇ ರೂಢಿ. ಬಾಗಿಲು ತೆಗೆಯಲು ಮನೆಯಲ್ಲಿ ಅಪ್ಪ, ಇಲ್ಲಿ ಅವನು.

ಅಪ್ಪ ಕೊಟ್ಟ ಆ ಕಾರನ್ನು ಏರಿನಲ್ಲಿ ಸೈಕಲ್ಲುಗಳೂ ಹಿಂದೆ ಹಾಕುತ್ತಿದ್ದವು. ಆದರೂ ಆ ನಿಧಾನದಲ್ಲಿ ಅವಳಿಗೆ ಎಂಥದೋ ಸುಖ... ಯಾವ ಕಿಟಕಿಯಲ್ಲಿ ಬೆಕ್ಕು ಮಲಗಿದೆ, ಯಾರ ಮನೆಗೆ ಹೊಸ ಹೂಕುಂಡ ಬಂದಿದೆ, ಎಲ್ಲ ಕಾಣುತ್ತಿತ್ತು. ಬಾಗಿಲು ತೆಗೆದವನಿಗೆ ಹೇಳಲು ದಿನಕ್ಕೊಂದು ಸುದ್ದಿ!

ಹಾಳಾದ್ದು ಆ ಸೋಮವಾರ! "ಏನೇ, ದಿನಾ ರಾಜಮರ್ಯಾದೆ!" ಎಂದು ಗಣಿತದ ಟೀಚರ್ ಕಿಚಾಯಿಸಿದಳು.

"ಅಯ್ಯೋ ನನ್ನ ಕರ್ಮ! ಈ ದರಿದ್ರ ಬಾಗಿಲಿಂದ ಬೆಳಗಾದ್ರೆ ಅವರ ಮುಖ ನೋಡಬೇಕು!" ನಾಚಿಕೆಗೆ ಬಾಯಿ ಜಾರಿತು.

ಬಾಗಿಲು ತೆಗೆದು ಹಿಂದೆಯೇ ನಿಂತಿದ್ದವನ ಕಿವಿಗೆ ಅದು ಬಿದ್ದದ್ದು ಅವಳಿಗೆ ತಿಳಿಯಲೇ ಇಲ್ಲ.

ಸಂಜೆ ನೋಡಿದರೆ ಬಾಗಿಲಿನ ಒಳಬದಿಗೆ ಹೊಸ ಹಿಡಿ! ಬೀಗದವನಿಗೆ ಕಾರಿನ ಬೀಗ ಯಾವ ಲೆಕ್ಕ? ಸೀಟಿನ ಮೇಲೊಂದು ಚೀಟಿ: 'ಇನ್ನು ತೊಂದರೆ ಇಲ್ಲ.'

ಓಹೋ... ನನ್ನ ಕಾಟ ತಪ್ಪಿಸಿಕೊಂಡರಾ? ಅವಳಿಗೆ ಮೈಯೆಲ್ಲ ಉರಿಯಿತು. ಮೂರು ದಿನ ತಾನೇ ಬಾಗಿಲು ತೆಗೆದು ದಡಾರನೆ ಹಾಕಿದಳು. ಅವನು ತಲೆ ಎತ್ತಲಿಲ್ಲ.

ಶುಕ್ರವಾರ ಕಿಟಕಿಯ ಬೆಕ್ಕು ಮರಿ ಹಾಕಿತ್ತು. ಯಾರಿಗೆ ಹೇಳುವುದು? ಅವಳಿಗೆ ಅಳುವೇ ಬಂತು. ಕಾರಿನಿಂದ ಇಳಿಯದೆ ಒಂದೇ ಸಮನೆ ಹಾರ್ನ್ ಒತ್ತಿದಳು.

ಅವನು ಓಡಿ ಬಂದ. "ಬಾಗಿಲು ಸರಿಯಾಗಿದೆಯಲ್ಲ, ಟೀಚರ್?"

"ಯಾರು ಸರಿಮಾಡಿ ಅಂದಿದ್ದು? ನಿಮಗೆ ನಾನು ಅಷ್ಟು ಬೇಡವಾದ್ನಾ?"

"ನನ್ನ ಮುಖ ನೋಡೋದು ಕರ್ಮ ಅಂತ ನೀವೇ ಅಂದ್ರಲ್ಲ..."

ಅಯ್ಯೋ! ಕೇಳಿಸಿತ್ತಾ!

"ಅವಳು ಕಿಚಾಯಿಸಿದಳು, ನಾಚಿಕೆಗೆ ಹಾಗಂದೆ ರೀ! ಬೀಗ ರಿಪೇರಿಯವರು ನೀವು, ಮೊದಲ ದಿನವೇ ಯಾಕೆ ಸರಿಮಾಡಲಿಲ್ಲ?"

ಅವನ ಕಿವಿ ಕೆಂಪಾಯಿತು. "ಹತ್ತು ನಿಮಿಷದ ಕೆಲಸ. ಮಾಡಿದ್ರೆ... ಮತ್ತೆ ನೀವು ಕರೀತಿರಲಿಲ್ಲವಲ್ಲ."

ಇಷ್ಟು ದಿನದ ಸಿಟ್ಟೆಲ್ಲ ಕಣ್ಣೀರಾಗಿ ಇಳಿಯಿತು.

"ನನಗೆ ದಿನಾ ನಿಮ್ಮ ಮುಖ ನೋಡಬೇಕು. ಬಾಗಿಲು ಕೆಟ್ಟಿದ್ರೂ, ಸರಿಯಿದ್ರೂ!"

ಶಾಲೆಯ ಗಂಟೆ ಹೊಡೆಯಿತು. ಅವನಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ.

"ಬೆಕ್ಕು ಮರಿ ಹಾಕಿದೆ," ಎಂದಳು ಮೂಗೊರೆಸಿಕೊಳ್ಳುತ್ತಾ.

"ಎಷ್ಟು?"

"ಬಾಗಿಲು ತೆಗೀರಿ, ಹೇಳ್ತೀನಿ."