ಅಂಚು ಕಟ್ಟಿದ ಕೈ

"ಅಂಚನ್ನ ಯಾರ್ ಕಾಂತ್ರ್ ಮಾರಾಯ?" ಅಂದುಬಿಟ್ಟ ಸದಾನಂದ. ಅಂದವನೇ ಕರ್ಜಿಕಾಯಿ ಮಾಡುವ ಯಂತ್ರ ನೋಡಲು ಪಾರ್ಕ್ ರಾಯಲ್‌ನ ಅಂಗಡಿ ಕಡೆಗೆ ಕಾರು ತಿರುಗಿಸಿಕೊಂಡು ಹೋದ. ಹೋಟೆಲಿನ ಅಡುಗೆಮನೆಯಲ್ಲಿ ಮೈದಾ ಮೆತ್ತಿದ ಕೈಯಲ್ಲೇ ನಿಂತಿದ್ದ ಶೇಷಾದ್ರಿ, ಅಂಚು ಕಟ್ಟುತ್ತಿದ್ದ ಕರ್ಜಿಕಾಯಿಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆದ.

ಯಾರು ನೋಡುತ್ತಾರಂತೆ! ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ಆ ಹೋಟೆಲಿಗೆ ಹೆಸರು ಬಂದದ್ದೇ ಅವನ ಕರ್ಜಿಕಾಯಿಯಿಂದ. ಶೇಷಾದ್ರಿ ಎಡಚ. ಹೂರಣ ತುಂಬಿ ಮಡಚಿದ ಮೇಲೆ ಅಂಚನ್ನು ಎಡಗೈ ಹೆಬ್ಬೆರಳಲ್ಲಿ ಒತ್ತುತ್ತ ನೆರಿಗೆ ಕಟ್ಟುತ್ತಿದ್ದ. ನೆರಿಗೆಗಳೆಲ್ಲ ಎಡಕ್ಕೆ ವಾಲಿಕೊಂಡು, ಎರಡು ಬಿಟ್ಟು ಒಂದಕ್ಕೆ ಸಣ್ಣದೊಂದು ಚಿವುಟು. ಕುಂದಾಪುರದಲ್ಲಿ ಅಜ್ಜಿ ಕಲಿಸಿದ ಕೈ ಅದು. ಸದಾನಂದ ಗಲ್ಲಾಪೆಟ್ಟಿಗೆಯಲ್ಲಿ, ಶೇಷಾದ್ರಿ ಒಲೆಯ ಮುಂದೆ, ಹೀಗೆ ಇಬ್ಬರ ತಲೆಯೂ ನೆರೆತಿತ್ತು. ಇಷ್ಟು ವರ್ಷದಲ್ಲಿ ಸದಾನಂದ ಒಮ್ಮೆಯಾದರೂ ಚೆನ್ನಾಗಿದೆ ಅಂದವನಲ್ಲ. ಈಗ ದೀಪಾವಳಿ ಕಳೆದ ಮೇಲೆ ಯಂತ್ರ ಬರುತ್ತದಂತೆ, ಅಡುಗೆಮನೆ ಸದಾನಂದನ ಅಳಿಯ ಅನೀಶನಿಗಂತೆ, ಶೇಷಾದ್ರಿ ಇನ್ನು ಆರಾಮಾಗಿ ಇರಬೇಕಂತೆ. ಮದುವೆಯಿಲ್ಲ, ಮಕ್ಕಳಿಲ್ಲ, ಆ ಒಲೆ ಬಿಟ್ಟರೆ ಅವನಿಗೆ ಈ ಊರಿನಲ್ಲಿ ಇನ್ನೇನಿತ್ತು?

ಸದಾನಂದನನ್ನು ಸಿಕ್ಕಿಸಿಹಾಕುವ ಉಪಾಯವನ್ನು ಸದಾನಂದನೇ ಕೊಟ್ಟಿದ್ದ. ಕನ್ನಡದವರ ಕೂಟದಲ್ಲಿ ಎರಡು ಪೆಗ್ ಒಳಗೆ ಹೋಯಿತೆಂದರೆ ಊರಿನ ಗೇರುಹಣ್ಣಿನ ಸಾರಾಯಿಯ ಗುಣಗಾನ ಶುರುವಾಗುತ್ತಿತ್ತು. ಒಂದು ದಿನ ಮನೆ ಹಿಂದಿನ ಗ್ಯಾರೇಜಿನಲ್ಲೇ ಭಟ್ಟಿ ಇಟ್ಟು ಎಲ್ಲರಿಗೂ ಕುಡಿಸುತ್ತೇನೆ ಅಂತ ಎದೆ ತಟ್ಟಿ ಹೇಳಿದ್ದ. ಅಂದು ನಕ್ಕವರೆಲ್ಲ ಈಗ ಪುಕ್ಕಟೆ ಸಾಕ್ಷಿಗಳು. ಈ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಒಂದು ಲೋಟ ಸಾರಾಯಿ ಇಳಿಸಿದರೂ ಅಪರಾಧ. ಸದಾನಂದ ಸಿಕ್ಕಿಬಿದ್ದರೆ ಹೋಟೆಲಿನ ಲೈಸೆನ್ಸಿಗೂ ಕುತ್ತು. ಆಗ ಲೈಸೆನ್ಸಿನಲ್ಲಿ ಬರೆದುಕೊಳ್ಳಲು ಕೌನ್ಸಿಲ್‌ಗೆ, ಅಂದರೆ ಇಲ್ಲಿಯ ನಗರಸಭೆಗೆ, ಇನ್ನೊಂದು ಹೆಸರು ಬೇಕು. ಸದಾನಂದನ ಹೆಂಡತಿ ಚಂಪಾ ಕಣ್ಣೀರು ಒರೆಸಿಕೊಂಡು ಯಾರ ಹತ್ತಿರ ಬರುತ್ತಾಳೆಂದು ಶೇಷಾದ್ರಿಗೆ ಚೆನ್ನಾಗಿ ಗೊತ್ತಿತ್ತು. ಯಂತ್ರವೂ ಇಲ್ಲ, ಅಳಿಯನೂ ಇಲ್ಲ. ಒಲೆ ತನ್ನದೇ.

ಅವಸರ ಮಾಡಲಿಲ್ಲ. ದೊಡ್ಡ ಕುಕ್ಕರ್ ಒಂದು ಕಡೆ, ತಾಮ್ರದ ಕೊಳವೆ ಇನ್ನೊಂದು ಕಡೆ, ಬಕೆಟ್ ಮತ್ತೊಂದು ಕಡೆ ಕೊಂಡ. ಸಾಮಾನು ಮುಟ್ಟುವಾಗಲೆಲ್ಲ ಅಡುಗೆಮನೆಯ ತೆಳು ಗ್ಲೌಸ್ ಹಾಕಿಕೊಂಡ. ಬೆರಳಚ್ಚು ಎಲ್ಲಿಯೂ ಬೀಳಕೂಡದು. ಗ್ಯಾರೇಜಿನ ಬೀಗದ ಕೈ ಹೋಟೆಲಿನ ಮೊಳೆಯಲ್ಲೇ ನೇತಾಡುತ್ತಿತ್ತು. ಅದನ್ನು ಯಾರು ಬೇಕಾದರೂ ಒಯ್ಯಬಹುದಿತ್ತು. ಮಂಗಳವಾರ ಹೋಟೆಲಿಗೆ ರಜೆ. ಆವತ್ತು ಗಂಡಹೆಂಡಿರಿಬ್ಬರೂ ಕ್ರೋಯ್ಡನ್‌ನಲ್ಲಿರುವ ಮಗಳು ನವ್ಯಾಳ ಮನೆಗೆ ಮೊಮ್ಮಗುವನ್ನು ನೋಡಲು ಹೋಗುತ್ತಿದ್ದರು. ಹಾಡುಹಗಲಲ್ಲೇ, ಹಳೆ ಪಾತ್ರೆಗಳ ರಾಶಿಯ ಹಿಂದೆ, ಭಟ್ಟಿ ಎದ್ದು ನಿಂತಿತು.

ಸುಮ್ಮನೆ ಜೋಡಿಸಿಟ್ಟರೆ ಆಟಿಕೆ ಅಂತ ನಕ್ಕುಬಿಡುತ್ತಾರೆ. ಅದರಲ್ಲಿ ನಿಜಕ್ಕೂ ಸಾರಾಯಿ ಇಳಿದಿರಬೇಕು, ವಾಸನೆ ಹಿಡಿದಿರಬೇಕು. ಮೊದಲು ಬರೀ ನೀರು ಹಾಕಿ ಕಾಯಿಸಿ ನೋಡಿದ. ಕೊಳವೆ ಮುಚ್ಚಳಕ್ಕೆ ಸೇರುವ ಕಡೆ ಆವಿ ಬುಸ್ಸೆಂದು ಹೊರಗೆ ನುಗ್ಗಿತು. ಇದೊಂದು ದೊಡ್ಡ ವಿಷಯವೇ ಅವನಿಗೆ? ಹೋಟೆಲಿನಿಂದ ತಂದಿದ್ದ ಮೈದಾ ಕಲಸಿ, ಪಟ್ಟಿಯಂತೆ ಲಟ್ಟಿಸಿ, ಸಂದಿಗೆ ಸುತ್ತಿದ. ಪಟ್ಟಿಯ ಅಂಚನ್ನು ಒತ್ತುತ್ತ ಹೋದಾಗ ಮನಸ್ಸೆಲ್ಲ ಹೊರಗಿನ ಸದ್ದಿನ ಮೇಲಿತ್ತು. ಪಕ್ಕದ ಮನೆಯ ಬಾಗಿಲು, ನಾಯಿಯ ಬೊಗಳಿಕೆ, ಯಾರದೋ ಕಾರು. ಎಲ್ಲ ಅಡಗಿದ ಮೇಲೆ ಕೆಳಗೆ ನೋಡಿದರೆ ಕೆಲಸ ಮುಗಿದಿತ್ತು. ಮುಂದಿನ ಮಂಗಳವಾರ ಹುಳಿ ಬಂದ ಬೆಲ್ಲದ ನೀರು ಹಾಕಿ ಉರಿ ಹಚ್ಚಿದ. ಹಿಟ್ಟು ಕಾದು ಕಲ್ಲಾಯಿತು, ಒಂದು ಎಳೆ ಆವಿಯೂ ಹೊರಬರಲಿಲ್ಲ. ಕೊಳವೆಯ ಬಾಯಿಂದ ತೊಟ್ಟು ತೊಟ್ಟು ಬಿದ್ದದ್ದನ್ನು ಚಮಚದಲ್ಲಿ ಹಿಡಿದು ಕಡ್ಡಿ ಗೀರಿದ. ನೀಲಿ ಜ್ವಾಲೆ ಮೆಲ್ಲಗೆ ಎದ್ದಿತು. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು ಜನಿವಾರ ಬದಲಿಸಿದ. ಹೆಂಡದ ಹನಿ ಸೋಕಿದ ಮೈ, ಶಾಸ್ತ್ರ ಬಿಡಲಾದೀತೇ. ಗೆಳೆಯನ ಕತ್ತು ಕೊಯ್ದದ್ದಕ್ಕೆ ಯಾವ ಸ್ನಾನವೂ ನೆನಪಾಗಲಿಲ್ಲ.

ದೀಪಾವಳಿಗೆ ಪ್ರತಿ ವರ್ಷದಂತೆ ಚಂಪಾಳಿಗೆ ಒಂದು ಡಬ್ಬಿ ಕರ್ಜಿಕಾಯಿ ಕಳಿಸಿದ. ಕಳಿಸದಿದ್ದರೆ ಅನುಮಾನ ಬಂದೀತು. ಹಬ್ಬದ ಮರುದಿನ, ಇದಕ್ಕೆಂದೇ ಕೊಂಡಿದ್ದ ಅಗ್ಗದ ಫೋನಿನಿಂದ ಅಬಕಾರಿಯವರಿಗೆ ಹೆಸರು ಹೇಳದೆ ದೂರು ಕೊಟ್ಟ. ಆಮೇಲೆ ಫೋನನ್ನು ಕಾಲುವೆಗೆ ಎಸೆದ.

ಎರಡೇ ದಿನ. ಚಂಪಾ ಫೋನ್ ಮಾಡಿ ಅಳುತ್ತಿದ್ದಳು: "ಶೇಷಣ್ಣ, ಬೇಗ ಬನ್ನಿ. ಯಾರೋ ಬಂದು ಗ್ಯಾರೇಜ್ ಪೂರಾ ಕೆದಕ್ತಾ ಇದ್ದಾರೆ."

ಶೇಷಾದ್ರಿ ಹೋದ. ಹೋಗಲೇಬೇಕಲ್ಲ, ಆಪ್ತ ತಾನೇ. ಗ್ಯಾರೇಜಿನಲ್ಲಿ ಇಬ್ಬರು ಅಧಿಕಾರಿಗಳು, ಒಬ್ಬ ಗಂಡಸು, ಒಬ್ಬಳು ಹೆಂಗಸು. ಸದಾನಂದ ಗೋಡೆಗೆ ಒರಗಿ, ಇದು ನನ್ನದಲ್ಲ, ದೇವರಾಣೆ ನನ್ನದಲ್ಲ ಅಂತ ಅದನ್ನೇ ಹೇಳುತ್ತಿದ್ದ. ಕೂಟದಲ್ಲಿ ಆಡಿದ್ದ ಮಾತು ಅವರ ಕಿವಿಗೂ ಬಿದ್ದಿತ್ತು. ಅದು ತಮಾಷೆಗೆ ಅಂದದ್ದು ಅಂತ ಸದಾನಂದ ಕೈಮುಗಿದ. ಶೇಷಾದ್ರಿ ಅವನ ಹೆಗಲ ಮೇಲೆ ಕೈಯಿಟ್ಟ. ಗಂಡಸು ಅಧಿಕಾರಿ ಪುಡಿ ಉದುರಿಸಿ ನೋಡಿ, ಬೆರಳಚ್ಚು ಒಂದೂ ಇಲ್ಲ, ಯಾರೋ ಬಹಳ ಹುಷಾರಿನವರು ಅಂದ. ಶೇಷಾದ್ರಿಗೆ ಒಳಗೊಳಗೇ ಹಿಗ್ಗಾಯಿತು.

ಚಂಪಾಳಿಗೆ ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸಿ ಗೊತ್ತಿಲ್ಲ. ಮನೆ ಮುಳುಗುತ್ತಿದ್ದರೂ ಟ್ರೇಯಲ್ಲಿ ಚಹಾ ತಂದಳು, ಪಕ್ಕದಲ್ಲಿ ಹಬ್ಬದ ಡಬ್ಬಿಯಿಂದ ತೆಗೆದ ಕರ್ಜಿಕಾಯಿ. ಹೆಂಗಸು ಅಧಿಕಾರಿ ದಾಕ್ಷಿಣ್ಯಕ್ಕೆ ಒಂದನ್ನು ಎತ್ತಿಕೊಂಡಳು, ಬಾಯಿಗಿಡುವ ಮುನ್ನ ಸುಮ್ಮನೆ ತಿರುಗಿಸಿ ನೋಡಿದಳು, ಆಮೇಲೆ ಬಾಯಿಗಿಡಲೇ ಇಲ್ಲ. ಟಾರ್ಚನ್ನು ಭಟ್ಟಿಯ ಕುತ್ತಿಗೆಗೆ ಹಿಡಿದಳು. ಕಾದು ಕಲ್ಲಾದ ಹಿಟ್ಟಿನ ಪಟ್ಟಿಯ ಉದ್ದಕ್ಕೂ ಅಚ್ಚುಕಟ್ಟಾದ ನೆರಿಗೆಗಳು, ಎಲ್ಲವೂ ಎಡಕ್ಕೆ ವಾಲಿಕೊಂಡು, ಎರಡು ಬಿಟ್ಟು ಒಂದಕ್ಕೆ ಸಣ್ಣ ಚಿವುಟು. ಶೇಷಾದ್ರಿ ಅದನ್ನು ಗಮನಿಸಿದ್ದೇ ಆಗ. ಕೈ ಯಾವಾಗ ಅದನ್ನು ಮಾಡಿತ್ತೋ ಅವನಿಗೇ ತಿಳಿಯದು. ಅವಳು ಕೈಯಲ್ಲಿದ್ದ ಕರ್ಜಿಕಾಯಿಯನ್ನು ಮೇಲೆತ್ತಿ, ಇದನ್ನು ಮಾಡಿದವರು ಯಾರು ಅಂತ ಕೇಳಿದಳು. ತಿಂಡಿಯ ವಿಷಯ ಅಂದುಕೊಂಡ ಸದಾನಂದ, ಅಷ್ಟು ಕಷ್ಟದಲ್ಲೂ ಗೆಳೆಯನನ್ನು ಮುಂದಕ್ಕೆ ಎಳೆದು ನಿಲ್ಲಿಸಿದ. "ಇವನೇ, ನಮ್ಮ ಶೇಷಾದ್ರಿ," ಅಂದ, ದನಿಯಲ್ಲಿ ಹೆಮ್ಮೆ ತುಂಬಿಕೊಂಡು. "ಈ ಅಂಚು ನೋಡಿ. ಇಡೀ ಲಂಡನ್‌ನಲ್ಲಿ ಇನ್ನೊಬ್ಬರ ಕೈಗೆ ಬರುವುದಿಲ್ಲ."