ಆ ಸೀಟು ತಗೀಬ್ಯಾಡ್ರಿ

"ನಿಲ್ಲಸ್ರೀ! ಮೊದ್ಲು ಗಾಡಿ ನಿಲ್ಲಸ್ರಿ!"

ಎರಡೂ ಕೈ ಚಾಚಿ ಜೀಪಿನ ಮುಂದೆ ಬಂದು ನಿಂತವನನ್ನು ಕಂಡು ಹುಲಗಮ್ಮನ ಎದೆ ಧಸಕ್ಕೆಂದಿತು. ಬ್ರೇಕಿನ ಮೇಲೆ ಎದ್ದು ನಿಂತಳು ಅಂದರೂ ಸರಿಯೇ. ಜೀಪು ಅವನ ಮೊಣಕಾಲಿಗೆ ಗೇಣು ದೂರದಲ್ಲಿ ನಿಂತಿತು.

"ಸಾಯಾಕ ನನ್ನ ಗಾಡೀನ ಬೇಕಾಗಿತ್ತೇನ್ರೀ ನಿಮಗ?"

ಅವನು ಹಿಂದಿನ ಗಾಲಿಯ ಬಳಿ ಕುಕ್ಕರಗಾಲಲ್ಲಿ ಕುಳಿತು ಟೈರಿನ ಮೇಲೆ ಅಂಗೈ ಇಟ್ಟ, ತಟ್ಟನೆ ತೆಗೆದ.

"ಇಳದ ಬಂದು ನೀವೂ ಮುಟ್ರಿ."

ಮುಟ್ಟಿದಳು. ಒಲೆಯ ಮೇಲಿನ ಹಂಚಿನ ಹಾಗೆ ಸುಡುತ್ತಿತ್ತು!

"ಗಾಳಿ ಇಳಿಸಿ ಡಾಂಬರ್ ಮ್ಯಾಲ ಎಲ್ಲಿಂದ ಬರಾಕತ್ತೀರಿ?"

"ಹುಲಿಹೈದರ ಕಡಿಂದ..."

"ಇನ್ನೊಂಚೂರು ಹೋಗಿದ್ರ ಟೈರ್ ಒಡದು, ಗಾಡಿ ಯಾರದರ ಹೊಲದಾಗ ಮಕ್ಕೊಂಡಿರ್ತಿತ್ತು."

ಹುಲಗಮ್ಮನಿಗೆ ಸಿಟ್ಟು ಬಂತು. ತನಗೇನು ಗೊತ್ತಿಲ್ಲವೆ?

"ಹಳ್ಳದ ಉಸುಕಿನ್ಯಾಗ ಗಾಳಿ ಇಳಿಸ್ಲಿಲ್ಲಂದ್ರ ಗಾಡಿ ಹೂತು ಹೋಗತೈತಿ, ಅದಕ್ಕ ಇಳಿಸೀನಿ. ದಾಟಿದ ಮ್ಯಾಲ ಮತ್ತ ತುಂಬಾಕ ಅಲ್ಲಿ ಏನೈತಿ? ಬಾಯಿಲೇ ಊದ್ಲೇನು?"

ಪಕ್ಕದ ಚಹಾದಂಗಡಿಯಿಂದ ಮುದುಕ ಖಾಜಾಸಾಬ ಕೂಗಿದ, "ಊದಿದ್ರೂ ಊದತಾಳ ಬಿಡೋ ಕನಕ! ಅಷ್ಟು ಸಿಟ್ಟೈತಿ ಅಕಿಗೆ!"

ಟೈರಿನ ಬಳಿ ಕುಳಿತಿದ್ದವನು ನಕ್ಕುಬಿಟ್ಟ. ಹಲ್ಲು ಕಾಣದ, ಕಣ್ಣಲ್ಲೇ ಮುಗಿಯುವ ನಗು.

'ನಗೋದು ನೋಡು...' ಅಂದುಕೊಂಡಳು ಹುಲಗಮ್ಮ. ಆದರೆ ಸಿಟ್ಟು ಎಲ್ಲಿ ಹೋಯಿತೋ!

ಅವನು ಕನಕರಾಜ. ತಾವರಗೇರಾದ ಕುಷ್ಟಗಿ ರಸ್ತೆಯಲ್ಲಿ ವೆಲ್ಡಿಂಗ್ ಮತ್ತು ಗಾಡಿ ರಿಪೇರಿಯ ಅಂಗಡಿ ಅವನದು.

ಹುಲಗಮ್ಮ ಕುರಿಗಾರರ ಸಂಘವೊಂದರ ಪರವಾಗಿ ಹಟ್ಟಿಯಿಂದ ಹಟ್ಟಿಗೆ ತಿರುಗಿ ಕುರಿಗಳಿಗೆ ಲಸಿಕೆ ಹಾಕುವವಳು. ಕುಷ್ಟಗಿಯಲ್ಲಿ ತಾಯಿ ಬಸವಣ್ಣೆಮ್ಮನ ಜೊತೆ ಮನೆ. ನಾಲ್ಕೂ ಗಾಲಿ ಎಳೆಯುವ ಆ ಹಳೇ ಜೀಪನ್ನು ತನ್ನ ದುಡಿಮೆಯಲ್ಲೇ ಕೊಂಡಿದ್ದಳು. ಕಲ್ಲುಗುಡ್ಡ, ಕರಿಮಣ್ಣು ಯಾವುದಕ್ಕೂ ಅದು ಹೆದರುತ್ತಿರಲಿಲ್ಲ. ಗಾಳಿ ಒಂದೇ ಅದರ ತಾಪತ್ರಯ. ಹೋದ ತಿಂಗಳು ಬೇವೂರಿನ ಆಚೆ ಮುಳ್ಳು ಚುಚ್ಚಿ, ಸ್ಟೆಪ್ನಿಯಲ್ಲೂ ಗಾಳಿಯಿಲ್ಲದೆ ಗಾಡಿ ನಿಂತು, ಪೆಟ್ಟಿಗೆಯ ಐಸು ಕರಗಿ, ತಂದ ಲಸಿಕೆಯೆಲ್ಲ ಕೆಟ್ಟಿತ್ತು. ಕಾದಿದ್ದ ಕುರಿಗಾರರಿಗೆ ಏನು ಹೇಳುವುದು?

"ನಿಮ್ಮ ಗಾಡ್ಯಾಗ ಒಂದು ಕಂಪ್ರೆಸರ್ ಕುಂದರಿಸಿದ್ರ ಹೆಂಗ್ರಿ?" ಎಂದ ಕನಕರಾಜ, ಟೈರಿಗೆ ಗಾಳಿ ತುಂಬುತ್ತ. "ಬ್ಯಾಟರಿ ಮ್ಯಾಲ ನಡಿಯೂದು. ನಿಂತಲ್ಲೇ ಗಾಳಿ ಇಳಸ್ರಿ, ನಿಂತಲ್ಲೇ ತುಂಬ್ರಿ."

"ಕುಂದರಸ್ರಿ. ಆದ್ರ ಎಲ್ಲಿ?"

ಅದೇ ನೋಡಿ ಪ್ರಶ್ನೆ. ಎಲ್ಲಿ?

ಜೀಪಿನಲ್ಲಿ ಒಂದು ಅಂಗೈ ಜಾಗ ಖಾಲಿ ಇರಲಿಲ್ಲ. ಬಾನೆಟ್ಟಿನ ಕೆಳಗೆ ಎರಡು ಬ್ಯಾಟರಿ, ಗಾಳಿ ಸೋಸುವ ಡಬ್ಬಿ, ಜಾಕು. ಡ್ರೈವರ್ ಸೀಟಿನ ಕೆಳಗೆ ಡೀಸೆಲ್ ಟ್ಯಾಂಕು. ಹಿಂದೆ ಲಸಿಕೆಯ ಪೆಟ್ಟಿಗೆ, ಔಷಧಿಯ ಡಬ್ಬಿಗಳು, ಸ್ಟೆಪ್ನಿ. ಗಾಡಿಯ ಹೊಟ್ಟೆಯ ಕೆಳಗೆ ಕಟ್ಟಿದರೆ ಹಳ್ಳದ ನೀರು, ಕಲ್ಲಿನ ಏಟು.

ಕನಕರಾಜ ಕಂಪ್ರೆಸರಿನ ಅಳತೆಗೆ ಸರಿಯಾಗಿ ರಟ್ಟಿನ ಡಬ್ಬಿಯೊಂದನ್ನು ಮಾಡಿದ. ಅದನ್ನು ಹಿಡಿದು ಗಾಡಿಯ ಮೂಲೆಮೂಲೆಗೆ ಇಟ್ಟು ನೋಡತೊಡಗಿದ.

"ಇವತ್ತ ತಿಳಿವಲ್ದು. ಬರೂ ವಾರ ಬರ್ರಿ."

ಬಂದಳು. ಎರಡನೇ ಸಲವೂ ಅದೇ ಮಾತು. ಮೂರನೇ ಸಲವೂ.

ಪ್ರತಿ ಸಲ ಚಹಾ ಬರುತ್ತಿತ್ತು. ಮಾತು ಬರುತ್ತಿತ್ತು. ಯಾವ ಹಟ್ಟಿಯ ಟಗರು ಅವಳನ್ನು ಗುದ್ದಿತು, ಯಾವ ಅಜ್ಜ ಕುರಿಗಿಂತ ಮೊದಲು ತನಗೇ ಸೂಜಿ ಹಾಕು ಅಂದ... ಕನಕರಾಜ ಕೆಲಸ ನಿಲ್ಲಿಸಿ ಕೇಳುತ್ತಿದ್ದ. ಅವಳು ಹೇಳುವುದನ್ನು ಯಾರಾದರೂ ಹಾಗೆ ಪೂರಾ ಕೇಳಿದ್ದು ಎಷ್ಟು ದಿನವಾಗಿತ್ತು!

ತಾವರಗೇರಾ ಹತ್ತಿರವಾದಂತೆ ತನಗರಿವಿಲ್ಲದೆ ಕನ್ನಡಿಯಲ್ಲಿ ಮುಖ ನೋಡಿಕೊಳ್ಳತೊಡಗಿದ್ದಳು ಹುಲಗಮ್ಮ.

'ಏನಾಗೇತಿ ನಿನಗ? ಹುಚ್ಚೀ...'

ಹೆದರಿಕೆಯೂ ಇತ್ತು. ಎರಡು ವರ್ಷದ ಹಿಂದೆ ಗಂಗಾವತಿಯ ಉಮಾಪತಿ ಎಂಬುವವನ ಜೊತೆ ಮದುವೆಯ ಮಾತುಕತೆ ಮುಗಿದಿತ್ತು. ಛಲೋ ಮನೆತನ. ಆದರೆ ಆತ ನಗುನಗುತ್ತಲೇ ಹೇಳಿದ್ದ: "ಮದುವಿ ಆದ ಮ್ಯಾಲ ಜೀಪ್ ಮಾರಿಬಿಡೂಣು. ಕುರಿ ಹಿಂದ ತಿರಗೂದು ನಮ್ಮ ಮನಿ ಹೆಣಮಕ್ಕಳಿಗೆ ಛಂದ ಕಾಣಂಗಿಲ್ಲ." ಅಂದೇ ಸಂಬಂಧ ಮುರಿದಿದ್ದಳು. ಪ್ರೀತಿ ಅಂದರೆ ಮೊದಲು ಬಂದು ಸ್ಟೇರಿಂಗ್ ಕಿತ್ತುಕೊಳ್ಳುತ್ತದೆ ಎಂಬ ಭಯ ಅವತ್ತಿನಿಂದ ಉಳಿದುಬಿಟ್ಟಿತ್ತು.

ನಾಲ್ಕನೇ ಸಲ ಬಂದಾಗ ಅವಳೇ ದಾರಿ ಹುಡುಕಿಕೊಂಡು ಬಂದಿದ್ದಳು.

"ಹಿಂಗ ಮಾಡ್ರಿ. ಈ ಬಾಜೂ ಸೀಟ್ ಕಿತ್ತ ಒಗೀರಿ. ಅಲ್ಲಿ ಕಂಪ್ರೆಸರೂ ಕುಂದರತೈತಿ, ಪೈಪೂ ಕುಂದರತೈತಿ."

ಕನಕರಾಜನ ಮುಖ ಬದಲಾಯಿತು. ಬಗ್ಗಿ ಸೀಟನ್ನು, ಅದರ ಮುಂದಿನ ತಗಡಿನ ಅಡಿಯನ್ನು ನೋಡಿದ, ಅವಳನ್ನು ನೋಡಿದ.

"ಆ ಸೀಟು ತಗೀಬ್ಯಾಡ್ರಿ."

"ಯಾಕ? ಅಲ್ಲಿ ಯಾರೂ ಕುಂದರಂಗಿಲ್ಲ. ನಾ ಒಬ್ಬಾಕಿನ ಇರಾಕಿ."

"ಇಲ್ರೀ, ಅದು ಬೇಕಾಗತೈತಿ ನಿಮಗ..."

ಅಷ್ಟೇ. ಹುಲಗಮ್ಮನ ಕಿವಿ ಬಿಸಿಯಾಯಿತು. ಅವ್ವ ಹೇಳುವುದೂ ಇದೇ, ಓಣಿಯವರು ಹೇಳುವುದೂ ಇದೇ! ಒಬ್ಬಳೇ ಎಷ್ಟು ದಿನ? ಬಾಜೂಕ ಒಬ್ಬ ಗಂಡಸು ಬೇಕು... ಇವನೂ ಅದನ್ನೇ ಹೇಳಬೇಕೆ?

"ನನಗ ಏನ್ ಬೇಕು ಅನ್ನೂದು ನನಗ ಗೊತ್ತೈತ್ರಿ! ನೀವು ಗಾಡಿ ಕೆಲಸ ಮಾಡ್ರಿ, ನನ್ನ ಬಾಳೇವು ರಿಪೇರಿ ಮಾಡಬ್ಯಾಡ್ರಿ."

"ಅಲ್ರೀ, ನಾ ಏನ್ ಹೇಳಾಕತ್ತಿದ್ದೆ ಅಂದ್ರ—"

"ಸಾಕು. ತಿಳೀತು."

ಕೀಲಿಕೈ ಮೇಜಿನ ಮೇಲಿಟ್ಟು ಬಸ್ಸು ಹತ್ತಿದಳು. ಕಿಟಕಿಯ ಕಡೆ ಮುಖ ಮಾಡಿ ಕುಳಿತವಳಿಗೆ ಕಣ್ಣಲ್ಲಿ ನೀರು ಯಾಕೆ ಬಂತೋ ತಿಳಿಯಲಿಲ್ಲ. 'ಎಲ್ಲಾರೂ ಒಂದ. ಇಂವ ಬ್ಯಾರೆ ಅನಕೊಂಡಿದ್ದೆ...'

ಗಾಡಿ ಸಿದ್ಧವಾಗಿದೆ ಎಂದು ಎರಡೇ ದಿನದಲ್ಲಿ ಫೋನು ಬಂತು. ಹೋಗಿ ನೋಡಿದರೆ ಸೀಟು ಇದ್ದಲ್ಲೇ ಇತ್ತು! ಬಾನೆಟ್ಟಿನ ಕೆಳಗಿದ್ದ ಜಾಕನ್ನು ಹಿಂದಿನ ಬಾಗಿಲಿಗೆ ಸಾಗಿಸಿ, ಆ ಜಾಗದಲ್ಲಿ ದಪ್ಪ ಕಬ್ಬಿಣದ ಪಟ್ಟಿ ಕೂರಿಸಿ, ಕಂಪ್ರೆಸರ್ ಬಿಗಿದಿದ್ದ. ಅಲುಗಾಟಕ್ಕೆ ರಬ್ಬರು, ಧೂಳು ಹೊಗದಂತೆ ಎತ್ತರಕ್ಕೆ ಗಾಳಿ ಎಳೆಯುವ ನಳಿಗೆ. ಪೈಪು ನಾಲ್ಕೂ ಗಾಲಿ ಮುಟ್ಟುತ್ತಿತ್ತು.

ಕೆಲಸದಲ್ಲಿ ಹುಳುಕು ಹುಡುಕಿದಳು. ಸಿಗಲಿಲ್ಲ.

ಕನಕರಾಜ ಏನೋ ಹೇಳಲು ಬಾಯಿ ತೆರೆದ. ಅವಳು ಹಣ ಕೊಟ್ಟು, "ಬರ್ತೀನ್ರಿ" ಎಂದಷ್ಟೇ ಹೇಳಿ ಗಾಡಿ ತಿರುಗಿಸಿದಳು.

ಖಾಜಾಸಾಬನ ಕೈಯಲ್ಲಿ ಎರಡು ಚಹಾ ಹಾಗೇ ಉಳಿದವು.

ಮಳೆಗಾಲ ಹಿಡಿಯಿತು. ಕಂಪ್ರೆಸರ್ ದಿನವೂ ಗುರ್ರೆನ್ನುತ್ತಿತ್ತು. ಪ್ರತಿ ಸಲ ಗುಂಡಿ ಒತ್ತಿದಾಗಲೂ ಅದನ್ನು ಕೂರಿಸಿದವನ ನೆನಪು ತಪ್ಪದೆ ಬರುತ್ತಿತ್ತು. ತಾವರಗೇರಾದಲ್ಲಿ ಮಾತ್ರ ಅವಳು ನಿಲ್ಲುತ್ತಿರಲಿಲ್ಲ. ಅಂಗಡಿಯ ಮುಂದೆ ಗಾಡಿಯ ವೇಗ ಕಡಿಮೆಯಾಗುತ್ತಿತ್ತು, ಅಷ್ಟೆ. ಅದಕ್ಕೆ ಅವಳೇನು ಮಾಡಿಯಾಳು?

ಒಂದು ಬೆಳಿಗ್ಗೆ ಹುಲಿಹೈದರದ ಆಚೆಯ ಹಟ್ಟಿಯಲ್ಲಿ ಕುರಿಗಾತಿ ಮಾರೆಮ್ಮ ಹಾಸುಗಲ್ಲಿನ ಮೇಲೆ ಜಾರಿಬಿದ್ದು ಕಾಲು ಊದಿಸಿಕೊಂಡು ಕುಳಿತಿದ್ದಳು.

"ಬಾ ಯವ್ವಾ, ದವಾಖಾನಿಗೆ ಹೋಗೂಣು."

ಇಬ್ಬರು ಹಿಡಿದು ಮಾರೆಮ್ಮನನ್ನು ಬಾಜೂ ಸೀಟಿನಲ್ಲಿ ಕೂರಿಸಿದರು. ಕಾಲು ಚಾಚಲು ಅಲ್ಲಿ ಜಾಗವಿತ್ತು. ಹಳ್ಳ ದಾಟಿ, ಗಾಳಿ ತುಂಬಿಸಿಕೊಂಡು ಡಾಂಬರಿಗೆ ಬಂದ ಮೇಲೆ ಮಾರೆಮ್ಮ ಸಂಚಿ ಬಿಚ್ಚಿ ತಂಬಾಕಿಗೆ ಸುಣ್ಣ ಹಚ್ಚಿದಳು. ಬೆರಳಿಗೆ ಉಳಿದ ಸುಣ್ಣವನ್ನು ಮುಂದಿನ ತಗಡಿನ ಅಡಿಗೆ ಒರೆಸಿದಳು.

"ಏ ಯವ್ವಾ, ಎಲ್ಲಿ ಒರಸ್ತಿ!"

"ಯಾವಾಗ್ಲೂ ಒರಸೂದು ಇಲ್ಲೇ ಅಲ್ಲನು? ನಾ ಒಬ್ಬಾಕಿನ ಏನು? ಎಲ್ಲಾರೂ ಒರಸೇವಿ. ಬಗ್ಗಿ ನೋಡು."

ಹುಲಗಮ್ಮ ಗಾಡಿ ಪಕ್ಕಕ್ಕೆ ನಿಲ್ಲಿಸಿ ಬಗ್ಗಿ ನೋಡಿದಳು. ತಗಡಿನ ಅಡಿಯಲ್ಲಿ ಒಣಗಿದ ಸುಣ್ಣದ ಬೆರಳ ಗುರುತುಗಳು! ದಪ್ಪ ಬೆರಳಿನವು, ಸಣ್ಣ ಬೆರಳಿನವು, ಒಂದರ ಮೇಲೊಂದು. ಸೀಟಿನ ಹೊಲಿಗೆಯ ಸಂದಿಯಲ್ಲಿ ಉಣ್ಣೆಯ ಎಳೆಗಳು.

ಯಾರೂ ಕುಂದರಂಗಿಲ್ಲ ಎಂದಿದ್ದಳಲ್ಲ ಅವಳು! ಜ್ವರ ಬಂದ ಮುದುಕಿಯರು, ಸಂತೆಗೆ ಹೊರಟವರು, ಮಡಿಲಲ್ಲಿ ಮರಿ ಇಟ್ಟುಕೊಂಡ ಹೆಣ್ಣುಮಕ್ಕಳು... ಅವಳು ಕೂರಿಸಿಕೊಂಡಿದ್ದಳು, ಇಳಿಸಿದ್ದಳು, ಮರೆತಿದ್ದಳು. ಲೆಕ್ಕಕ್ಕೇ ಹಿಡಿದಿರಲಿಲ್ಲ.

"ಆ ವೆಲ್ಡಿಂಗ್ ಹುಡುಗ ಸಂತ್ಯಾಗ ಕೇಳಿದ್ನಲ್ಲ ನಮಗ," ಮಾರೆಮ್ಮ ತಂಬಾಕು ಬಾಯಿಗಿಟ್ಟುಕೊಂಡಳು. "ಅಕ್ಕಾರ ಸೀಟ್ ತಗಸ್ತೀನಿ ಅಂತಾರ, ನೀವು ಏನಂತೀರಿ ಅಂತ. ಅದನ್ನ ತಗದ್ರ ನಿನ್ನ ಕೈ ಮುರೀತೀವಿ ಅಂದ್ವಿ. ಯಾಕ, ಹೇಳ್ಲಿಲ್ಲನು ಅಂವ?"

ಹೇಳಲು ಹುಲಗಮ್ಮ ಬಿಟ್ಟಿದ್ದರಲ್ಲವೆ?

ತಾವರಗೇರಾದ ದವಾಖಾನೆಯಲ್ಲಿ ಕಾಲಿಗೆ ಪಟ್ಟಿ ಕಟ್ಟಿದರು. ಮೂಳೆ ಮುರಿದಿರಲಿಲ್ಲ. ಮಾರೆಮ್ಮನನ್ನು ಅಲ್ಲೇ ಅವಳ ತಂಗಿಯ ಮನೆಗೆ ಬಿಟ್ಟು ಹುಲಗಮ್ಮ ಜೀಪನ್ನು ಕುಷ್ಟಗಿ ರಸ್ತೆಗೆ ತಿರುಗಿಸಿದಳು. ಈ ಸಲ ಅಂಗಡಿಯ ಮುಂದೆ ಗಾಡಿ ನಿಂತೇಬಿಟ್ಟಿತು.

ಖಾಜಾಸಾಬ ಅವಳ ಮುಖ ನೋಡಿದ, ಕನಕರಾಜನ ಮುಖ ನೋಡಿದ.

"ನನ್ನ ಹಾಲು ಉಕ್ಕಾಕತ್ತೈತಪ್ಪೋ" ಎನ್ನುತ್ತ ಎದ್ದು ನಡೆದ. ಅವನ ಒಲೆ ಆರಿ ಬಹಳ ಹೊತ್ತಾಗಿತ್ತು.

"ಕಂಪ್ರೆಸರ್ ಏನರ ತೊಂದ್ರಿ ಕೊಟ್ಟೈತೇನ್ರಿ?" ಕನಕರಾಜ ಗಾಬರಿಯಿಂದ ಕೇಳಿದ.

"ಇಲ್ಲ. ತೊಂದ್ರಿ ನಾ ಕೊಟ್ಟೀನಿ." ಅವಳು ನೆಲ ನೋಡಿದಳು. "ಸುಣ್ಣದ ಗುರುತು ಇವತ್ತ ನೋಡಿದೆ. ನೀವು ನನ್ನ ಮದುವಿ ಬಗ್ಗೆ ಹೇಳಾಕತ್ತೀರಿ ಅನಕೊಂಡೆ... ತಪ್ಪಾತ್ರಿ."

"ಹೋಗ್ಲಿ ಬಿಡ್ರಿ."

"ಅಂದ್ರ ಆ ಸೀಟು ಉಳಿಸಿದ್ದು ಕುರಿಗಾರರ ಸಲುವಾಗಿ. ಅಷ್ಟ ಅಲ್ಲೇನು?"

ಕೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಹೌದು ಎಂದುಬಿಟ್ಟರೆ? ಅದರಲ್ಲಿ ಬೇಸರಪಡುವುದು ಏನಿತ್ತು? ಆದರೆ ಬೇಸರವಾಗುತ್ತದೆ ಎಂದು ಈಗಲೇ ಗೊತ್ತಾಗುತ್ತಿತ್ತು...

ಕನಕರಾಜ ಕೈಯ ಮಸಿ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ಸೀಟು ಅವರ ಸಲುವಾಗಿನ ಉಳಿಸಿದ್ದು. ಸುಳ್ಳು ಹೇಳಂಗಿಲ್ಲ. ಆದ್ರ ಮೊದ್ಲ ಒಂದು ಸುಳ್ಳು ಹೇಳೀನ್ರಿ."

"ಏನು?"

"ಜಾಕ್ ತಗದ್ರ ಜಾಗ ಆಗತೈತಿ ಅಂತ ಮೊದಲನೇ ದಿನಾನ ಕಂಡಿತ್ತು."

"ಮೊದಲನೇ ದಿನ? ಮತ್ತ ಬರೂ ವಾರ ಬರ್ರಿ, ಬರೂ ವಾರ ಬರ್ರಿ ಅಂತ..."

"ಜಾಗ ಸಿಕ್ತು ಅಂದಿದ್ರ ನೀವು ಮತ್ತ ಬರ್ತಿರಲಿಲ್ಲಲ್ರಿ."

ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಹಾದುಹೋಯಿತು. ಅದರ ಸದ್ದಿಗಿಂತ ತನ್ನ ಎದೆಬಡಿತವೇ ಅವಳಿಗೆ ಜೋರಾಗಿ ಕೇಳಿಸಿತು.

"ಆ ರಟ್ಟಿನ ಡಬ್ಬಿ ಹಿಡಕೊಂಡು ಗಾಡಿ ಸುತ್ತಾ ತಿರಗಿದ್ದು..."

"ನಾಟಕ. ಖಾಜಾ ಚಾಚಾಗ ಮೊದಲಿಂದಾನೂ ಗೊತ್ತು. ದಿನಾ ಅಂಜಸ್ತಿದ್ದ, ಹೇಳ್ತೀನಿ ನೋಡು ಅಂತ."

ಹುಲಗಮ್ಮನಿಗೆ ನಗು ಬಂತು. ನಗುವಿನ ಹಿಂದೆಯೇ ಆ ಹಳೇ ಹೆದರಿಕೆಯೂ ಬಂತು. ಇದನ್ನು ಈಗಲೇ ಕೇಳದಿದ್ದರೆ ಮುಂದೆ ಕೇಳಲಾಗದು.

"ನನ್ನ ಕೆಲಸ ಹೆಂಗ ಅಂತ ಗೊತ್ತೈತಿ ನಿಮಗ. ಮಳಿ ಇರ್ಲಿ, ಬಿಸಲ ಇರ್ಲಿ, ಹಟ್ಟಿ ತಿರಗಾಕಿ ನಾನು. ಮೈಯೆಲ್ಲಾ ಕುರಿ ವಾಸನಿ. ಇವತ್ತ ಇದು ಛಂದ ಕಾಣತೈತಿ. ನಾಳೆ ಜೀಪ್ ಮಾರು, ಮನ್ಯಾಗ ಇರು ಅಂದ್ರ... ನಾ ತಡಕೊಳ್ಳಂಗಿಲ್ಲ."

ಕನಕರಾಜ ಹೋಗಿ ಬಾನೆಟ್ಟು ಎತ್ತಿದ.

"ಇಲ್ಲಿ ಬರ್ರಿ. ಈ ಪಟ್ಟಿ ನೋಡ್ರಿ. ಇದರ ಅರ್ಧ ದಪ್ಪಂದು ಸಾಕಾಗ್ತಿತ್ತು. ನಾ ಟ್ರ್ಯಾಲಿಗೆ ಹಾಕೂವಂಥಾ ಪ್ಲೇಟ್ ಕೊಯ್ದು ಹಾಕೀನಿ. ನಿಮ್ಮ ಕೂದಲ ಬೆಳ್ಳಗಾದ್ರೂ ಇದು ಅಲಗಾಡಂಗಿಲ್ಲ." ಅವನ ದನಿ ಸಣ್ಣಗಾಯಿತು. "ನಿಮ್ಮ ಕೆಲಸ ಬಿಡಸಾಂವ ಆಗಿದ್ರ ಇಷ್ಟು ಗಟ್ಟಿ ಯಾಕ ಕಟ್ಟತಿದ್ದೆ, ಹೇಳ್ರಿ?"

ಹುಲಗಮ್ಮ ಆ ಪಟ್ಟಿಯ ಮೇಲೆ ಕೈ ಇಟ್ಟಳು. ಬೆಸುಗೆಯ ಗೆರೆ ಒಂದೇ ಸಮನೆ, ಎಲ್ಲೂ ಅವಸರವಿಲ್ಲದೆ ಹರಿದಿತ್ತು. ಕಣ್ಣು ಮಂಜಾಯಿತು. ಈ ಸಲ ಯಾಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಐತವಾರ ಕುಷ್ಟಗಿಗೆ ಬರ್ರಿ ಮನೀಗೆ. ಅವ್ವ ಇರ್ತಾಳ."

"ಹುಡುಗ ಹೆಂಗ ಅದಾನ ಅಂತ ಅವರು ಕೇಳಿದ್ರ ಏನಂತೀರಿ?"

"ಜಾಗ ಇದ್ರೂ ಇಲ್ಲ ಅಂತ ಸುಳ್ಳು ಹೇಳಾಂವ ಅದಾನ ಅಂತೀನಿ."

"ಹಂಗಂದ್ರ ಹೆಣ್ಣು ಕೊಡ್ತಾರೇನ್ರೀ?"

ಹುಲಗಮ್ಮ ಬಾನೆಟ್ಟು ಇಳಿಸಿ ಅವನ ಕಡೆ ತಿರುಗಿದಳು. ಮಸಿಯಾಗಿದ್ದ ಅವನ ಬೆರಳನ್ನು ತನ್ನ ಬೆರಳಿಂದ ಮೆಲ್ಲಗೆ ಹಿಡಿದಳು.

"ಹೆಣ್ಣು ತಾನ ನಡಕೊಂತ ನಿಮ್ಮ ಅಂಗಡಿಗೆ ಬಂದು ನಿಂತೈತಿ... ಇನ್ನ ಕೊಡೂದೇನು ಉಳದೈತಿ?"